ಬೆಕ್ಕಿನ ಆಪರೇಷನ್: ಅಗ್ಗದ ಕಡೆ ಹೋಗಬಹುದೇ?

ಪ್ರಶ್ನೆ: ನಮ್ಮ ಹೆಣ್ಣು ಬೆಕ್ಕಿಗೆ ಐದು ತಿಂಗಳು. ಸಂತಾನಹರಣ ಮಾಡಿಸಬೇಕೆಂದಿದ್ದೇವೆ. ಒಂದು ಪ್ರಾಣಿದಯಾ ಟ್ರಸ್ಟಿನವರು 1,500 ರೂಪಾಯಿ ಎಂದರು, ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ 7,000 ಕೇಳುತ್ತಿದ್ದಾರೆ. ಇಷ್ಟು ಅಂತರ ಯಾಕೆ? ಅಗ್ಗದ ಕಡೆ ಜೀವಕ್ಕೆ ಅಪಾಯವಿಲ್ಲವೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಗ್ಗವೆಂದ ಮಾತ್ರಕ್ಕೆ ಹೆದರಬೇಡಿ. ಟ್ರಸ್ಟಿನ ಖರ್ಚಿನಲ್ಲಿ ಒಂದು ಪಾಲನ್ನು ದಾನಿಗಳು ಹೊರುತ್ತಾರೆ. ಅಲ್ಲಿನ ವೈದ್ಯರು ದಿನವಿಡೀ ಇದೇ ಆಪರೇಷನ್ ಮಾಡುವುದರಿಂದ ಕೈ ಪಳಗಿರುತ್ತದೆ, ಗಾಯವೂ ಚಿಕ್ಕದು. ತಿಂಗಳಿಗೆ ಎರಡು ಬೆಕ್ಕು ನೋಡುವವರಿಗಿಂತ ಇವರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನೂ ವಿಚಾರಿಸಿ ನೋಡಿ. ಸರದಿಯಲ್ಲಿ ಕಾಯುವ ತಾಳ್ಮೆ ಇರಬೇಕಷ್ಟೆ.

ಆದರೆ ಆ 1,500ರಲ್ಲಿ ಏನೇನು ಸೇರಿದೆ ಎಂದು ಕೇಳಿಕೊಳ್ಳಿ. ರಕ್ತಪರೀಕ್ಷೆ, ನೋವಿನ ಇಂಜೆಕ್ಷನ್, ಕೊರಳಿಗೆ ಹಾಕುವ ಕೋನ್, ಹೊಲಿಗೆ ನೋಡುವ ಎರಡನೇ ಭೇಟಿ ಇವೆಲ್ಲ ಬೇರೆಬೇರೆಯಾದರೆ ಅಗ್ಗದ ಬಿಲ್ಲೂ ಬೆಳೆಯುತ್ತದೆ. ಅರಿವಳಿಕೆ ಯಾವುದೆಂದೂ ಕೇಳಿ. ಅಗ್ಗದ ಕಡೆ ಸಾಮಾನ್ಯವಾಗಿ ಕೀಟಮೈನ್–ಜೈಲಜೀನ್ ಇಂಜೆಕ್ಷನ್, ದುಬಾರಿ ಕಡೆ ಐಸೋಫ್ಲುರೇನ್ ಗ್ಯಾಸ್. ಗ್ಯಾಸಿನಲ್ಲಿ ಮತ್ತನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸಬಹುದು. ಎಳೆಯ, ಆರೋಗ್ಯವಂತ ಬೆಕ್ಕಿಗೆ ಇಂಜೆಕ್ಷನ್ನೂ ಸಾಕು, ತೂಕಕ್ಕೆ ಸರಿಯಾಗಿ ಕೊಟ್ಟರೆ. ತಕ್ಕಡಿಗೆ ಹಾಕದೆ ಕಣ್ಣಳತೆಯಲ್ಲಿ ಸಿರಿಂಜ್ ತುಂಬಿಸುವವರನ್ನು ಕಂಡರೆ ಬುಟ್ಟಿ ಎತ್ತಿಕೊಂಡು ವಾಪಸ್ ಬನ್ನಿ.

ನಾನು ಎಲ್ಲಕ್ಕಿಂತ ಮೊದಲು ಕೇಳುವುದು, ಆಪರೇಷನ್ ಮುಗಿದ ಮೇಲೆ ಬೆಕ್ಕಿನ ಪಕ್ಕ ಯಾರಿರುತ್ತಾರೆ ಎಂದು. ಬೆಕ್ಕಿನ ಮೈಬಿಸಿ 38–39 ಡಿಗ್ರಿ ಸೆಲ್ಸಿಯಸ್. ಹೊಟ್ಟೆಯ ಕೂದಲು ಬೋಳಿಸಿ ಸ್ಪಿರಿಟ್ ಹಚ್ಚಿದಾಗಲೇ ಅದು ಇಳಿಯತೊಡಗುತ್ತದೆ, ಮತ್ತಿನಲ್ಲಿರುವ ಪುಟ್ಟ ಜೀವಕ್ಕೆ ಅದನ್ನು ಮತ್ತೆ ಏರಿಸಿಕೊಳ್ಳುವ ಶಕ್ತಿ ಇರುವುದಿಲ್ಲ. ಒಂದು ಕ್ಲಿನಿಕ್ಕಿನಲ್ಲಿ ನಮ್ಮ ಬೆಕ್ಕನ್ನು ಬರಿಯ ಸ್ಟೀಲ್ ಮೇಜಿನ ಮೇಲೆ, ನೇರ ಫ್ಯಾನಿನ ಕೆಳಗೆ ಒಂಟಿಯಾಗಿ ಮಲಗಿಸಿದ್ದರು. ಕಿವಿ ಮುಟ್ಟಿದರೆ ತಣ್ಣಗೆ. ಅದು ದುಬಾರಿ ಕ್ಲಿನಿಕ್ಕೇ! ಶಾಲು ಸುತ್ತಿ, ಬಿಸಿನೀರಿನ ಬಾಟಲಿ ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟ ಮೇಲೆ ನಿಧಾನಕ್ಕೆ ತಲೆ ಎತ್ತಿತು. ಬೆಕ್ಕು ತಲೆ ಎತ್ತುವವರೆಗೆ ಒಬ್ಬರು ಕಾಯುತ್ತಾರೆ, ರಾತ್ರಿ ಏನಾದರೂ ಆದರೆ ಫೋನ್ ಎತ್ತುತ್ತಾರೆ ಎಂದಾದರೆ ಟ್ರಸ್ಟಿಗೇ ಹೋಗಿ.

ಲಸಿಕೆ ಆಗಿಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಬೀದಿಯಿಂದ ಬಂದ ಹತ್ತಾರು ಬೆಕ್ಕುಗಳ ನಡುವೆ ಪ್ಯಾನ್‌ಲ್ಯೂಕೋಪೀನಿಯ ರೋಗ ಅಂಟುವ ಭಯ ಆಪರೇಷನ್ನಿನ ಭಯಕ್ಕಿಂತ ದೊಡ್ಡದು. ಎಷ್ಟು ದಿನ ಬಿಟ್ಟು ಬರಬೇಕೆಂದು ವೈದ್ಯರೇ ಹೇಳುತ್ತಾರೆ. ಇದು ಸಾಕಿದ ಬೆಕ್ಕು ಎಂದು ಚೀಟಿಯಲ್ಲಿ ಬರೆಸುವುದನ್ನೂ ಮರೆಯಬೇಡಿ. ಬೀದಿ ಬೆಕ್ಕುಗಳಿಗೆ ಗುರುತಿಗೆಂದು ಕಿವಿಯ ತುದಿ ಕತ್ತರಿಸುವ ರೂಢಿಯಿದೆ.

ಒಂದು ಸೂಲು ಆಗಲಿ, ಆಮೇಲೆ ಮಾಡಿಸೋಣ ಎನ್ನುವ ಹಿರಿಯರು ಮನೆಯಲ್ಲಿದ್ದರೆ ಅವರ ಮಾತು ಕೇಳಬೇಡಿ. ನಾಲ್ಕೈದು ತಿಂಗಳಿಗೇ ಬೆದೆಗೆ ಬರುತ್ತದೆ, ಒಂಬತ್ತು ವಾರಕ್ಕೆ ಮರಿ, ಆ ಮರಿಗಳಿಗೆ ಹಾಲುಣಿಸುತ್ತಿರುವಾಗಲೇ ಮತ್ತೆ ಗಬ್ಬ. ಏಳು ಮನೆ ಸುತ್ತಿ ಮರಿ ಹೊರುವ ಕೆಲಸ ಅದಕ್ಕೂ ತಪ್ಪಲಿ, ಹೊಸ ಮನೆ ಹುಡುಕುವ ಕೆಲಸ ನಿಮಗೂ. ಮುಂದೆ ಗಂಡು ಬೆಕ್ಕು ತಂದರೆ ಕೆಲಸ ಇನ್ನೂ ಹಗುರ. ಹೊಟ್ಟೆ ಕೊಯ್ಯುವುದಿಲ್ಲ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ.

ಎಷ್ಟು ಹೊತ್ತು ಉಪವಾಸವಿಡಬೇಕೆಂದು ವೈದ್ಯರನ್ನೇ ಕೇಳಿ. ದೊಡ್ಡ ಬೆಕ್ಕಿನಷ್ಟು ಹೊತ್ತು ಎಳೆಯದನ್ನು ಹಸಿದಿಡುವಂತಿಲ್ಲ. ಮನೆಗೆ ತಂದ ರಾತ್ರಿ ಅದು ನರಳಿದರೆ ನಿಮ್ಮ ಡಬ್ಬಿಯ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ. ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.