ಸೆಟ್ಟರ್‌ವಾಲ್ ಕಟ್ಟಿದ ಲುಂದ್

ಸ್ವೀಡನ್ನಿನ ವಾಸ್ತುಶಿಲ್ಪಿ ಹೆಲ್ಗೋ ಸೆಟ್ಟರ್‌ವಾಲ್ (1831–1907) ಅವರ ಕೆಲಸ ನೋಡಬೇಕೆಂದರೆ ಸ್ಟಾಕ್‌ಹೋಮ್‌ಗಿಂತ ಮೊದಲು ದಕ್ಷಿಣದ ಲುಂದ್ ಊರಿಗೆ ಹೋಗಿ. ಕೋಪನ್‌ಹೇಗನ್ ವಿಮಾನ ನಿಲ್ದಾಣದಲ್ಲೇ ರೈಲು ಹತ್ತಿದರೆ ಸಮುದ್ರದ ಸೇತುವೆ ದಾಟಿ ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ನಡುವೆ ದೇಶದ ಗಡಿ ಬರುತ್ತದೆ, ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ. ಖರ್ಚಿಗೆ ಕಾರ್ಡ್ ಇದ್ದರೆ ಸಾಕು.

ನಿಲ್ದಾಣದಿಂದ ಸ್ವಲ್ಪವೇ ನಡೆದರೆ ಕೆಥೆಡ್ರಲ್. ಪ್ರವೇಶ ಉಚಿತ. ಒಳಹೋಗುವ ಮುನ್ನ ಪಶ್ಚಿಮ ಬಾಗಿಲ ಎದುರು ನಿಂತು ಅವಳಿ ಗೋಪುರಗಳನ್ನು ನೋಡಿ. 12ನೇ ಶತಮಾನದವೆಂದೇ ಅನ್ನಿಸುತ್ತದೆ. ಆದರೆ ಹಳೆಯವನ್ನು ಕೆಡವಿಸಿ ಇವನ್ನು ಎಬ್ಬಿಸಿದವರು ಸೆಟ್ಟರ್‌ವಾಲ್; ಕೆಲಸ ಮುಗಿದದ್ದು 1880ರಲ್ಲಿ. ಇದ್ದದ್ದನ್ನು ಇದ್ದಂತೆ ಉಳಿಸುವುದು ಅವರ ದಾರಿಯಲ್ಲ. ಫ್ರಾನ್ಸ್‌ನ ವಾಸ್ತುಶಿಲ್ಪಿ ವಿಯೋಲೆ-ಲ-ದ್ಯುಕ್ ಅವರಂತೆ, ಒಂದು ಕಟ್ಟಡ ತನ್ನ ಶೈಲಿಯಲ್ಲಿ ಪರಿಪೂರ್ಣವಾಗಬೇಕು ಎಂದು ನಂಬಿದ್ದರು. ಇದಕ್ಕಾಗಿ ಮುಂದಿನ ಪೀಳಿಗೆಯಿಂದ ಬೈಸಿಕೊಂಡರು. ಕಳೆದುಹೋದ ಹಳೆಯ ಕಲ್ಲುಗಳ ಬಗ್ಗೆ ನನಗೂ ಸಂಕಟವಿದೆ. ಆದರೂ ಈ ಗೋಪುರಗಳಿಲ್ಲದ ಲುಂದ್ ಊಹೆಗೆ ಬಾರದು. ಊರಿನವರು ಅವನ್ನು ಅಕ್ಕರೆಯಿಂದ ‘ಲುಂದ್‌ನ ಹುಡುಗರು’ ಎನ್ನುತ್ತಾರೆ.

ನೆಲಮಾಳಿಗೆಗೆ ತಪ್ಪದೆ ಇಳಿಯಿರಿ. ಅಲ್ಲಿನ ಪೂಜಾವೇದಿಕೆ ಪ್ರತಿಷ್ಠೆಯಾದದ್ದು 1123ರಲ್ಲಿ. ಮಂದ ಬೆಳಕಿನಲ್ಲಿ ಒಂದು ಕಂಬವನ್ನು ಕಲ್ಲಿನ ಆಕೃತಿಯೊಂದು ಎರಡೂ ತೋಳುಗಳಿಂದ ತಬ್ಬಿ ನಿಂತಿದೆ. ಇಡೀ ಚರ್ಚು ಕಟ್ಟಿದ ಫಿನ್ ಎಂಬ ದೈತ್ಯ ಇವನೇ ಎನ್ನುತ್ತದೆ ಐತಿಹ್ಯ. ಮೇಲೆ ಬಂದು, ಮಧ್ಯಾಹ್ನ 12ಕ್ಕೋ (ಭಾನುವಾರ 1ಕ್ಕೆ) 3ಕ್ಕೋ ಖಗೋಳ ಗಡಿಯಾರದ ಮುಂದೆ ನಿಲ್ಲಿ: ಸಂಗೀತ ಮೊಳಗುತ್ತಿದ್ದಂತೆ ಮರದ ಗೊಂಬೆ ರಾಜರು ಮೇರಿಯ ಮುಂದೆ ಸಾಲಾಗಿ ಹಾದುಹೋಗುತ್ತಾರೆ.

ಪಕ್ಕದ ಲುಂದಗೋರ್ಡ್ ಉದ್ಯಾನ ದಾಟಿದರೆ ವಿಶ್ವವಿದ್ಯಾಲಯದ ಬಿಳಿ ಮುಖ್ಯ ಕಟ್ಟಡ, 1882ರದ್ದು. ಇದು ಪೂರ್ತಿ ಸೆಟ್ಟರ್‌ವಾಲ್ ಅವರದೇ ಕಲ್ಪನೆ. ತಲೆಯೆತ್ತಿ ಸೂರಿನ ಮೇಲಿನ ಸ್ಫಿಂಕ್ಸ್‌ಗಳನ್ನು ನೋಡಿ. ಕಾಲಿಗೆ ಶಕ್ತಿಯಿದ್ದರೆ ಉತ್ತರಕ್ಕೆ ನಡೆದು 1891ರ ಕೆಂಪು ಇಟ್ಟಿಗೆಯ ಆಲ್‌ಹೆಲ್ಗೋನಾ ಚರ್ಚನ್ನೂ ನೋಡಬಹುದು. ಮರಳುವಾಗ ಮಾಲ್ಮೋದಲ್ಲಿ ಇಳಿದರೆ ದೊಡ್ಡ ಚೌಕದ ಪುರಭವನದ ಮುಂಭಾಗವೂ ಅವರ ಕೈಯದೇ.

ಸ್ಟಾಕ್‌ಹೋಮ್‌ಗೆ ಹೋಗುವವರು ಅಲ್ಲಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೊಳಗಿನ ಉಪ್ಸಾಲಾವನ್ನು ಸೇರಿಸಿಕೊಳ್ಳಿ. ಅಲ್ಲಿನ ಕೆಥೆಡ್ರಲ್ಲಿನ ಉದ್ದವೂ ಎತ್ತರವೂ 118.7 ಮೀಟರ್, 1885–93ರಲ್ಲಿ ಸೆಟ್ಟರ್‌ವಾಲ್ ಅದಕ್ಕೆ ಹೊಸ ರೂಪ ಕೊಟ್ಟರು. ಅವರು ಹಾಕಿಸಿದ್ದ ಸಿಮೆಂಟ್ ಅಲಂಕಾರದಲ್ಲಿ ಒಂದಷ್ಟನ್ನು 1970ರ ದಶಕದಲ್ಲಿ ತೆಗೆದುಹಾಕಲಾಯಿತು. ಚಳಿಗಾಲ ಬೇಡ, ಡಿಸೆಂಬರ್‌ನಲ್ಲಿ ಲುಂದ್‌ನಲ್ಲೂ ಮಧ್ಯಾಹ್ನ ಮೂರೂವರೆಯ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋದರೆ ಈ ಕಟ್ಟಡಗಳನ್ನೆಲ್ಲ ಹಗಲು ಬೆಳಕಿನಲ್ಲಿ ನಿಧಾನವಾಗಿ ನೋಡಬಹುದು.