ಹಳೆಯ ಡೀಸೆಲ್ ಪಿಕಪ್ ಗಾಡಿಯ ಬಲ ಕುಂದಿದಾಗ

ಹೊರೆ ಹೇರಿದ ಹಳೆಯ ಪಿಕಪ್ ಗಾಡಿಯು ಏರಿನಲ್ಲಿ ಮುಗ್ಗರಿಸತೊಡಗಿದರೆ, ಕೂಡಲೇ ಡೀಸೆಲ್ ಪಂಪನ್ನು ಬಿಚ್ಚಿಸುವ ರೂಢಿಯು ಅನೇಕ ಜಮೀನುದಾರರಲ್ಲಿ ಉಂಟು. ಇದು ಆತುರದ ಕೆಲಸ, ವೆಚ್ಚವೂ ಬಹಳ. ಡೀಸೆಲ್ ಇಂಜಿನ್ನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಸುಮಾರು 20ರಲ್ಲೊಂದು ಪಾಲಿಗೆ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಆದಕಾರಣ ಗಾಳಿ, ಎಣ್ಣೆ, ಅದುಮುವಿಕೆ ಇವುಗಳಲ್ಲಿ ಯಾವುದು ಕೊರತೆಯಾದರೂ ಬಲವು ಕುಂದುವುದು. ಹೊಗೆಯ ಬಣ್ಣವು ಕೊರತೆಯ ಸುಳಿವು ಕೊಡುವುದು.

ಕಪ್ಪು ಹೊಗೆ ಬಂದರೆ ಎಣ್ಣೆಗೆ ತಕ್ಕ ಗಾಳಿಯಿಲ್ಲವೆಂದೋ ನಾಜಲುಗಳು ಕೆಟ್ಟಿವೆಯೆಂದೋ ತಿಳಿಯತಕ್ಕದ್ದು. ಒಕ್ಕಣೆಯ ಕಣದ ಧೂಳಿನಲ್ಲಿ ಓಡಾಡಿದ ಗಾಡಿಯ ಏರ್ ಫಿಲ್ಟರನ್ನೇ ಮೊದಲು ನೋಡಬೇಕು. ನೀಲಿ ಹೊಗೆಯು ಇಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು.

ಹೊಗೆಯೇ ಇಲ್ಲದೆ ಬಲ ಕುಂದುವುದು ಹೆಚ್ಚು ಮೋಸದ್ದು. ಎಣ್ಣೆ ಸಾಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಡ್ರಮ್ಮಿನಲ್ಲಿ ಬಹುಕಾಲ ಇಟ್ಟ ಡೀಸೆಲಿಗೆ ನೀರು ಸೇರಿದರೆ ಲೋಳೆ ಬೆಳೆದು ಫಿಲ್ಟರನ್ನು ಕಟ್ಟುವುದು. ಟ್ಯಾಂಕಿನಿಂದ ಬರುವ ಕೊಳವೆಯಲ್ಲಿ ಬಿರುಕಿದ್ದರೆ, ಎಣ್ಣೆ ಹೊರಗೆ ತೊಟ್ಟಿಕ್ಕದಿದ್ದರೂ, ಪಂಪಿನ ಸೆಳೆತಕ್ಕೆ ಗಾಳಿ ಒಳಸೇರುವುದು. ಅಲ್ಲಿ ಗೇಣುದ್ದದ ಪಾರದರ್ಶಕ ಡೀಸೆಲ್ ಕೊಳವೆಯನ್ನು ಜೋಡಿಸಿದರೆ ಗುಳ್ಳೆಗಳು ಕಣ್ಣಿಗೆ ಬೀಳುವುವು. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಪಂಪಿನ ಲಿವರು ಕೊನೆಮುಟ್ಟ ತಿರುಗುವುದೋ ಎಂಬುದನ್ನು, ಇಂಜಿನ್ ನಿಲ್ಲಿಸಿ, ಇಬ್ಬರು ಸೇರಿ ಪರೀಕ್ಷಿಸತಕ್ಕದ್ದು. ಸಡಿಲಿದ ಕೇಬಲನ್ನು ಬಿಗಿಯಲು ಕಾಸೂ ಬೇಡ! ಗಾಡಿ ನಿಂತೊಡನೆ ಒಂದು ಚಕ್ರ ಮಾತ್ರ ಸುಡುತ್ತಿದ್ದರೆ ದೋಷವು ಇಂಜಿನ್ನಿನದಲ್ಲ, ಹಿಡಿದುಕೊಂಡ ಬ್ರೇಕಿನದು.

ಇಂಜಿನ್ ಓಡುತ್ತಿರುವಾಗ ನಾಜಲಿನ ಕೊಳವೆಗಳ ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡಕೂಡದು. ಆ ಒತ್ತಡದ ಎಣ್ಣೆಯು ಚರ್ಮವನ್ನು ತೂರಿ ಒಳಹೊಕ್ಕು ಬೆರಳಿಗೇ ಅಪಾಯ ತರುವುದು. ಇವೆಲ್ಲ ಸರಿಯಿದ್ದ ಮೇಲೆಯೇ ಪಂಪನ್ನು ಕಳಚಿ, ಪರೀಕ್ಷಾಯಂತ್ರವುಳ್ಳ ಕಾರ್ಖಾನೆಗೆ ಕಳುಹಿಸತಕ್ಕದ್ದು.