ಹಳೆಯ ಪಿಕಪ್ ವಾಹನದ ಎಂಜಿನ್: ದುರಸ್ತಿಯೋ, ಬದಲಾವಣೆಯೋ?

ತರಕಾರಿ ಸಾಗಿಸುವ ಪಿಕಪ್ ವಾಹನ ನೀಲಿ ಹೊಗೆ ಬಿಡತೊಡಗಿದರೆ ಎಂಜಿನ್ ಆಯಿಲ್ ಉರಿಯುತ್ತಿದೆಯೆಂದು ತಿಳಿಯಬೇಕು. ಅವಸರಪಟ್ಟು ಬೇರೆ ಎಂಜಿನ್ ಕೊಳ್ಳುವ ಮೊದಲು ಪ್ರತಿ ಸಿಲಿಂಡರಿನ ಕಂಪ್ರೆಷನ್ ಅಳತೆ ಮಾಡಿಸುವುದು ಸೂಕ್ತ. ಕಡಿಮೆ ಕಂಡುಬಂದ ಸಿಲಿಂಡರಿಗೆ ಸ್ವಲ್ಪವೇ ಆಯಿಲ್ ಹಾಕಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ರಿಂಗು ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ದೋಷ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್‌ನಲ್ಲಿರಬಹುದು.

ಸವೆದು ಅಂಡಾಕಾರವಾದ ಸಿಲಿಂಡರಿಗೆ ಹೊಸ ರಿಂಗು ಮಾತ್ರ ಹಾಕಿಸಿದರೆ ಹಣ ವ್ಯರ್ಥ. ಬೋರಿಂಗ್ ಮಾಡಿಸಿ ದೊಡ್ಡ ಅಳತೆಯ ಪಿಸ್ಟನ್ ಹಾಕಿಸಬೇಕು, ಇಲ್ಲವೇ ಲೈನರ್ ಬದಲಿಸಬೇಕು. ಬ್ಲಾಕ್ ಬಿರುಕು ಬಿಟ್ಟಿದ್ದರೆ ಎಂಜಿನ್ ಬದಲಾವಣೆಯೇ ಲೇಸು. ಎಂಜಿನ್ ಸಂಖ್ಯೆ ಆರ್.ಸಿ.ಯಲ್ಲಿ ನಮೂದಾಗಿರುವುದರಿಂದ 1988ರ ಮೋಟಾರು ವಾಹನ ಕಾಯ್ದೆಯಂತೆ ಸಾರಿಗೆ ಕಚೇರಿಯ ಅನುಮತಿ ಅವಶ್ಯ. ರಸೀದಿಯಿಲ್ಲದ ಎಂಜಿನನ್ನು ಎಷ್ಟೇ ಅಗ್ಗವಾದರೂ ಕೊಳ್ಳಬಾರದು.